ಆರ್ಥೋಪೆಡಿಕ್ಸ್ ಕಡೆ ಮನಸ್ಸಿರುವ ಮೆಡಿಕಲ್ ವಿದ್ಯಾರ್ಥಿಗಳಿಗೆ ಸಂಬಳದ ಸಂಶೋಧನಾ ವರ್ಷ: ಪದೇ ಪದೇ ಕೇಳುವ ಪ್ರಶ್ನೆಗಳು

ಯುಗಾದಿಗೋ ರಾಜ್ಯೋತ್ಸವಕ್ಕೋ ಇಲ್ಲಿನ ಕನ್ನಡ ಕೂಟದಲ್ಲಿ ಸೇರಿದಾಗ, ಊಟದ ಸಾಲಿನಲ್ಲಿ ನಿಂತಿರುವಾಗಲೇ ಯಾರಾದರೊಬ್ಬರು ತೋಳು ಹಿಡಿದು ಪಕ್ಕಕ್ಕೆ ಕರೆಯುತ್ತಾರೆ. "ನಮ್ಮ ಹುಡುಗ ಮೆಡಿಕಲ್ ಮಧ್ಯೆ ಒಂದು ವರ್ಷ ಬಿಟ್ಟು ರಿಸರ್ಚ್ ಮಾಡ್ತಾನಂತೆ. ಫೇಲ್ ಗೀಲ್ ಆಗಿದ್ದಾನಾ? ನಿಜ ಹೇಳಿ." ಇಲ್ಲ, ಫೇಲ್ ಆಗಿರುವುದಿಲ್ಲ. ನಾನೂ ಅಂಥ ಒಂದು ವರ್ಷ ಮಾಡಿಯೇ ಈಗ ಅಮೆರಿಕದಲ್ಲಿ ಆರ್ಥೋಪೆಡಿಕ್ಸ್ ರೆಸಿಡೆನ್ಸಿಯಲ್ಲಿದ್ದೇನೆ, ಅಂದರೆ ಮೂಳೆ ಕೀಲುಗಳ ಶಸ್ತ್ರಚಿಕಿತ್ಸೆಯ ತಜ್ಞ ತರಬೇತಿಯಲ್ಲಿ. ವಿದ್ಯಾರ್ಥಿಗಳು, ಅವರ ಅಪ್ಪ ಅಮ್ಮಂದಿರು, ಕರ್ನಾಟಕದಿಂದ ಕೇಳುವ ಎಂಬಿಬಿಎಸ್ ಹುಡುಗ ಹುಡುಗಿಯರು ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುತ್ತಿದ್ದುದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಏನಿದು ಸಂಶೋಧನಾ ವರ್ಷ? ಕೋರ್ಸಿನಲ್ಲೇ ಇದೆಯೇ?

ಕೋರ್ಸಿನಲ್ಲಿಲ್ಲ. ಅಮೆರಿಕದ ಮೆಡಿಕಲ್ ಸ್ಕೂಲು ನಾಲ್ಕು ವರ್ಷದ್ದು. ಮೂರನೆಯ ವರ್ಷ ವಾರ್ಡುಗಳನ್ನೆಲ್ಲ ಸುತ್ತಿ ಮುಗಿಸಿದ ಮೇಲೆ, ನಾಲ್ಕನೆಯದಕ್ಕೆ ಕಾಲಿಡುವ ಮೊದಲು, ಕಾಲೇಜಿನ ಅನುಮತಿಯೊಂದಿಗೆ ಒಂದು ವರ್ಷ ಹೊರಗಿದ್ದು ಯಾವುದಾದರೂ ಆರ್ಥೋಪೆಡಿಕ್ಸ್ ವಿಭಾಗದಲ್ಲಿ ಪೂರ್ಣಾವಧಿ ಸಂಶೋಧನೆ ಮಾಡುವುದು ರೂಢಿ. ಸಾಮಾನ್ಯವಾಗಿ ಬೇಸಿಗೆಯಿಂದ ಮುಂದಿನ ಬೇಸಿಗೆಯವರೆಗೆ. ಕೆಲವರು ಎರಡನೆಯ ವರ್ಷದ ನಂತರವೇ ಹೋಗುತ್ತಾರೆ. ರೆಸಿಡೆನ್ಸಿ ಸೀಟು ಸಿಗದೆ ಉಳಿದವರು ಮರುಪ್ರಯತ್ನಕ್ಕೆ ಮುಂಚೆ ಮಾಡುವುದೂ ಉಂಟು. ಆದರೆ ಅವರ ಪರಿಸ್ಥಿತಿಯೇ ಬೇರೆ, ಇಲ್ಲಿ ಬರೆದದ್ದೆಲ್ಲ ಅವರಿಗೆ ಹಾಗೇ ಅನ್ವಯಿಸುವುದಿಲ್ಲ. ಈ ವರ್ಷಕ್ಕೆ ಬೇರೆ ಪದವಿಯೇನೂ ಸಿಗುವುದಿಲ್ಲ. ನಾಲ್ಕರಲ್ಲಿ ಮುಗಿಯುವ ಎಂ.ಡಿ. (ಇಲ್ಲಿ ಅದೇ ಮೊದಲ ವೈದ್ಯ ಪದವಿ) ಐದಕ್ಕೆ ಹೋಗುತ್ತದೆ, ಅಷ್ಟೇ.

ಆರ್ಥೋ ಬೇಕೆನ್ನುವವರೇ ಯಾಕೆ ಇದರ ಹಿಂದೆ ಬಿದ್ದಿದ್ದಾರೆ?

ಸೀಟು ಕಡಿಮೆ, ಕೇಳುವವರು ಹೆಚ್ಚು. ಇಡೀ ಅಮೆರಿಕದಲ್ಲಿ ವರ್ಷಕ್ಕೆ ಆರ್ಥೋಪೆಡಿಕ್ಸ್ ರೆಸಿಡೆನ್ಸಿಯ ಜಾಗಗಳು 900ರ ಆಸುಪಾಸು. ಅರ್ಜಿ ಹಾಕುವವರು ಹತ್ತಿರ ಹತ್ತಿರ ಅದರ ಒಂದೂವರೆ ಪಟ್ಟು. ಅವರಲ್ಲಿ ಬಹುಪಾಲು ಮಂದಿ ತಮ್ಮ ತಮ್ಮ ಕಾಲೇಜಿನಲ್ಲಿ ಮೇಲಿನ ಸಾಲಿನವರೇ.

ಇದರ ಮೇಲೆ 2022ರ ಜನವರಿ 26ರಂದು ಇನ್ನೊಂದು ಬದಲಾವಣೆ ಬಂತು. ಅಂದಿನಿಂದ ಯುಎಸ್‌ಎಂಎಲ್‌ಇ ಎಂಬ ವೈದ್ಯ ಪರವಾನಗಿ ಪರೀಕ್ಷೆಯ ಮೊದಲ ಹಂತವಾದ ಸ್ಟೆಪ್ 1ಕ್ಕೆ ಅಂಕ ಕೊಡುವುದು ನಿಂತು, ಬರೀ ಪಾಸು–ಫೇಲು ಉಳಿಯಿತು. ಅಲ್ಲಿಯವರೆಗೆ ಅರ್ಜಿಗಳ ರಾಶಿಯನ್ನು ಜರಡಿ ಹಿಡಿಯಲು ಬಳಸುತ್ತಿದ್ದುದು ಮುಖ್ಯವಾಗಿ ಆ ಅಂಕವನ್ನೇ. ಅದು ಹೋದಾಗ ಸ್ಟೆಪ್ 2ರ ಅಂಕ, ಶಿಫಾರಸು ಪತ್ರ, ಸಂಶೋಧನೆ ಇವುಗಳ ಮೇಲೆ ಭಾರ ಬಿತ್ತು. ರೆಸಿಡೆನ್ಸಿ ಹಂಚಿಕೆ ನಡೆಸುವ ಎನ್‌ಆರ್‌ಎಂಪಿ 2022ರಲ್ಲಿ ಹೊರತಂದ ಅಂಕಿಅಂಶದ ಪ್ರಕಾರ, ಆರ್ಥೋ ಸಿಕ್ಕ ಅಮೆರಿಕನ್ ಎಂ.ಡಿ. ವಿದ್ಯಾರ್ಥಿಗಳ ಅರ್ಜಿಯಲ್ಲಿ ಸರಾಸರಿ 16ಕ್ಕೂ ಹೆಚ್ಚು ಸಂಶೋಧನಾ ನಮೂದುಗಳಿದ್ದವು.

ಈ ಸಂಖ್ಯೆ ನೋಡಿ ಎದೆ ಒಡೆದುಕೊಳ್ಳಬೇಡಿ. ಅದು 16 ಪೇಪರುಗಳ ಲೆಕ್ಕವಲ್ಲ. ಸಾರಾಂಶ, ಪೋಸ್ಟರ್, ಭಾಷಣ, ಪ್ರಕಟಿತ ಲೇಖನ ಎಲ್ಲವನ್ನೂ ಕೂಡಿಸಿದ್ದು. ಒಂದೇ ಅಧ್ಯಯನವನ್ನು ಎರಡು ಸಮ್ಮೇಳನಗಳಲ್ಲಿ ಮಂಡಿಸಿ ಆಮೇಲೆ ಜರ್ನಲ್‌ನಲ್ಲಿ ಪ್ರಕಟಿಸಿದರೆ ಅದೇ ಮೂರಾಗುತ್ತದೆ.

ಈ ವರ್ಷ ಮಾಡಿದರೆ ಸೀಟು ಖಾತ್ರಿಯೇ?

ಖಾತ್ರಿಯಿಲ್ಲ. ಯಾರಾದರೂ ಖಾತ್ರಿ ಅಂದರೆ ಅವರಿಂದ ದೂರ ಇರಿ.

ಸಂಶೋಧನಾ ವರ್ಷ ಮಾಡುವವರು ಮೊದಲೇ ಹಟ ಹಿಡಿದವರು, ಒಳ್ಳೆಯ ಮಾರ್ಗದರ್ಶಕರನ್ನು ಸಂಪಾದಿಸಿಕೊಂಡವರು. ಅವರಿಗೆ ಸೀಟು ಸಿಕ್ಕರೆ ಆ ವರ್ಷದಿಂದ ಸಿಕ್ಕಿತೋ, ಅವರ ಸ್ವಭಾವದಿಂದ ಸಿಕ್ಕಿತೋ ಬೇರ್ಪಡಿಸಿ ಹೇಳುವುದು ಕಷ್ಟ. ನನ್ನ ಕಣ್ಣಿಗೆ ಕಂಡಷ್ಟು ಹೇಳುತ್ತೇನೆ. ಪೇಪರುಗಳ ಎಣಿಕೆಗಿಂತ ದೊಡ್ಡ ಲಾಭ ಒಬ್ಬ ಸರ್ಜನ್ ನಿಮ್ಮನ್ನು ಹನ್ನೆರಡು ತಿಂಗಳು ಹತ್ತಿರದಿಂದ ನೋಡಿರುತ್ತಾರೆ ಎಂಬುದು. ನಾಲ್ಕು ವಾರದ ವಾರ್ಡ್ ಸರದಿ, ಅಂದರೆ ರೊಟೇಶನ್‌ನಲ್ಲಿ ಯಾರು ಬೇಕಾದರೂ ಚೆನ್ನಾಗಿ ನಡೆದುಕೊಳ್ಳಬಹುದು. ಫೆಬ್ರವರಿಯ ಒಂದು ಸಂಜೆ, ಮೂರನೆಯ ಬಾರಿ ತಿರಸ್ಕೃತವಾದ ಲೇಖನವನ್ನು ಮತ್ತೆ ತಿದ್ದಲು ಕೂತಾಗ ನೀವು ಹೇಗಿರುತ್ತೀರಿ ಎಂದು ಬಲ್ಲವರು ಬರೆದ ಪತ್ರದ ತೂಕವೇ ಬೇರೆ.

ಸ್ಟೆಪ್ 2 ಅಂಕ ತೀರಾ ಕಡಿಮೆಯಿದ್ದರೆ, ವಾರ್ಡಿನಲ್ಲಿ ನಿಮ್ಮ ಬಗ್ಗೆ ದೂರುಗಳಿದ್ದರೆ, ಅದನ್ನು ಈ ವರ್ಷ ಒರೆಸಿಹಾಕುವುದಿಲ್ಲ. ನಿಮ್ಮ ಕಾಲೇಜಿನಲ್ಲೇ ಗಟ್ಟಿಯಾದ ಆರ್ಥೋ ವಿಭಾಗವಿದ್ದು, ಮೊದಲ ವರ್ಷದಿಂದಲೇ ಅಲ್ಲಿ ಕೆಲಸ ಮಾಡಿ ನಾಲ್ಕೈದು ಅಧ್ಯಯನ ಮುಗಿಸಿದ್ದರೆ, ಇಂಥ ವರ್ಷ ನಿಮಗೆ ಬೇಡವೇ ಬೇಡ. ಹೆಚ್ಚು ಉಪಯೋಗವಾಗುವುದು ಕಾಲೇಜಿನಲ್ಲಿ ಆರ್ಥೋ ವಿಭಾಗವೇ ಇಲ್ಲದವರಿಗೆ, ಮೂರನೆಯ ವರ್ಷದಲ್ಲಿ ತಡವಾಗಿ ಈ ಕಡೆ ಮನಸ್ಸು ಹರಿದವರಿಗೆ.

ಸಂಬಳ ಎಷ್ಟು? ಯಾರು ಕೊಡುತ್ತಾರೆ?

ಜನ ಈ ಪ್ರಶ್ನೆಯನ್ನು ಸಂಕೋಚದಿಂದ ಕೊನೆಗೆ ಕೇಳುತ್ತಾರೆ. ಮೊದಲು ಕೇಳಬೇಕಾದದ್ದೇ ಇದು.

ಒಂದೇ ದರ ಅಂತ ಇಲ್ಲ. ಹೋಲಿಕೆಗೆ ಒಂದು ಅಳತೆಗೋಲು ಇಟ್ಟುಕೊಳ್ಳಿ: ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ, ಅಂದರೆ ಎನ್‌ಐಎಚ್, ತನ್ನ ತರಬೇತಿ ಅನುದಾನದಲ್ಲಿರುವ ಪದವಿಪೂರ್ವ ಸಂಶೋಧಕರಿಗೆ, ಎಂದರೆ ಡಾಕ್ಟರೇಟ್ ಇನ್ನೂ ಮುಗಿಸದವರಿಗೆ, 2024ರಲ್ಲಿ ನಿಗದಿ ಮಾಡಿದ ಸ್ಟೈಪೆಂಡ್ ವರ್ಷಕ್ಕೆ 28,224 ಡಾಲರ್. ತಿಂಗಳಿಗೆ 2,352. ಬಾಸ್ಟನ್, ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಷ್ಟರಲ್ಲಿ ಬದುಕಬೇಕೆಂದರೆ ಮನೆ ಹಂಚಿಕೊಳ್ಳಲೇಬೇಕು. ಆರ್ಥೋ ವಿಭಾಗಗಳಲ್ಲಿ ಕೆಲವು ಇದಕ್ಕಿಂತ ಹೆಚ್ಚು ಕೊಡುತ್ತವೆ, ಕೆಲವು ಕಡಿಮೆ. ಏನೂ ಕೊಡದವೂ ಇವೆ.

ಹಣ ಬರುವ ದಾರಿ ಹಲವು: ವಿಭಾಗದ ಸ್ವಂತ ನಿಧಿ, ಒಬ್ಬ ಸರ್ಜನ್ನರ ಸಂಶೋಧನಾ ಅನುದಾನ, ಕೃತಜ್ಞ ರೋಗಿಗಳ ದೇಣಿಗೆ, ಇಂಪ್ಲಾಂಟ್ ಕಂಪನಿಗಳು ಹಣ ಹಾಕಿದ ಅಧ್ಯಯನಗಳು. ಅನುದಾನದಿಂದ ಬರುತ್ತಿದ್ದರೆ ಅದು ವರ್ಷದ ಕೊನೆಯವರೆಗೂ ಇದೆಯೇ ಎಂದು ಕೇಳಿ. ಕಂಪನಿಯ ಹಣವಾದರೆ ಫಲಿತಾಂಶ ಹೇಗೇ ಬಂದರೂ ಪ್ರಕಟಿಸುವ ಸ್ವಾತಂತ್ರ್ಯ ಇದೆಯೇ ಎಂದು ಕೇಳಿ. ಸಂಬಳದ ಮೊತ್ತ, ವಿಮೆ, ರಜೆ, ಸಮ್ಮೇಳನದ ಪ್ರಯಾಣವೆಚ್ಚ ನಾಲ್ಕೂ ಬರಹದಲ್ಲಿ ಬರಲಿ. "ಆಮೇಲೆ ನೋಡೋಣ" ಎಂಬ ಮಾತನ್ನು ನಂಬಿ ಮನೆ ಬಾಡಿಗೆಗೆ ಹಿಡಿಯಬೇಡಿ.

ಸಂಬಳ ಇಲ್ಲದಿದ್ದರೂ ತುಂಬಾ ಹೆಸರಿರುವ ಜಾಗ. ಹೋಗಲೇ?

ನನಗೆ ಮೊದಲು ಬಂದ ಕರೆ ಅಂಥದ್ದೇ. ದೊಡ್ಡ ಹೆಸರು, ಸಂಬಳ ಸೊನ್ನೆ. ಅಪ್ಪ ತಮ್ಮ ನಿವೃತ್ತಿಯ ಉಳಿತಾಯದಿಂದ ತೆಗೆದುಕೊಡುತ್ತೇನೆ ಅಂದರು. ಅಮ್ಮ ಮಾತ್ರ ಫೋನಿನಲ್ಲಿ, "ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವಾ?" ಅಂದರು. ಒಲ್ಲೆ ಅಂತ ಬರೆದೆ. ಆರು ವಾರ ನಿದ್ದೆ ಬರಲಿಲ್ಲ. ಆಮೇಲೆ ಅಷ್ಟು ಹೆಸರಿಲ್ಲದ, ಆದರೆ ಬದುಕುವಷ್ಟು ಸಂಬಳ ಕೊಡುವ ವಿಭಾಗದಲ್ಲಿ ಜಾಗ ಸಿಕ್ಕಿತು.

ನನ್ನ ಅಪ್ಪನ ಬಳಿ ತೆಗೆಯಲು ಉಳಿತಾಯವಾದರೂ ಇತ್ತು. ನನ್ನ ಬ್ಯಾಚಿನಲ್ಲಿ ನನಗಿಂತ ಕೈಚಳಕವಿದ್ದ ಗೆಳತಿಯೊಬ್ಬಳು ತಂಗಿಯ ಓದಿನ ಖರ್ಚನ್ನೂ ತಾನೇ ನೋಡಿಕೊಳ್ಳುತ್ತಿದ್ದಳು. ಸಂಬಳದ ಜಾಗ ಸಿಗಲಿಲ್ಲ, ಬೇರೆ ವಿಭಾಗ ಆರಿಸಿಕೊಂಡಳು. ಸಂಬಳವಿಲ್ಲದ ವರ್ಷಗಳು ಹೆಚ್ಚಿದಷ್ಟೂ ಈ ಶಸ್ತ್ರಚಿಕಿತ್ಸೆಯ ಬಾಗಿಲು ಅನುಕೂಲಸ್ಥರ ಮಕ್ಕಳಿಗೆ ಮಾತ್ರ ತೆರೆಯುತ್ತ ಹೋಗುತ್ತದೆ. ಇವತ್ತಿಗೂ ಆರ್ಥೋಪೆಡಿಕ್ ಸರ್ಜನ್ನರಲ್ಲಿ ಹೆಂಗಸರ ಪಾಲು ಶೇಕಡ 10ಕ್ಕಿಂತ ಕಡಿಮೆ. ಕಪ್ಪು ಜನಾಂಗದವರು ಇನ್ನೂ ಕಡಿಮೆ. ಹಾಗಾಗಿ ನಾನು ಕೇಳಿದವರಿಗೆಲ್ಲ ಹೇಳುವುದು ಒಂದೇ: ಪೂರ್ಣಾವಧಿ ಕೆಲಸಕ್ಕೆ ಪುಕ್ಕಟೆ ಹೋಗಬೇಡಿ. ನಾಳೆ ನೀವೇ ವಿಭಾಗದಲ್ಲಿ ಕುರ್ಚಿ ಹಿಡಿದಾಗ ವಿದ್ಯಾರ್ಥಿಗಳನ್ನು ಪುಕ್ಕಟೆ ಕೆಲಸಕ್ಕೆ ಕರೆಯಬೇಡಿ.

ಓದಿನ ಸಾಲ, ವಿಮೆ, ತೆರಿಗೆ ಏನಾಗುತ್ತವೆ?

ರಜೆಯ ವರ್ಷದಲ್ಲಿ ಹೆಚ್ಚಿನ ಕಡೆ ಪೂರ್ತಿ ಟ್ಯೂಷನ್ ಕಟ್ಟಬೇಕಿಲ್ಲ. ಆದರೆ ಕಾಲೇಜು ನಿಮ್ಮನ್ನು ದಾಖಲಾತಿಯಲ್ಲಿ ಉಳಿಸಿಕೊಳ್ಳುತ್ತದೆಯೇ, ಹೊರಗಿಡುತ್ತದೆಯೇ ಎಂಬುದು ಮುಖ್ಯ. ದಾಖಲಾತಿ ಅರ್ಧಕ್ಕಿಂತ ಕೆಳಗಿಳಿದರೆ ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಸಾಲದ 6 ತಿಂಗಳ ಮರುಪಾವತಿ ವಿನಾಯಿತಿ ಅವಧಿ ಓಡಲು ಶುರುವಾಗುತ್ತದೆ. ಅದು ಈಗಲೇ ಮುಗಿದುಹೋದರೆ ಪದವಿ ಪಡೆದ ಮೇಲೆ ಮತ್ತೆ ಸಿಗುವುದಿಲ್ಲ. ಬಡ್ಡಿಯಂತೂ ಬೆಳೆಯುತ್ತಲೇ ಇರುತ್ತದೆ. ಇದರ ಜೊತೆಗೆ 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವ ಮೆಡಿಕಲ್ ವಿದ್ಯಾರ್ಥಿಗಳಿಗೆ ಗ್ರ್ಯಾಡ್ ಪ್ಲಸ್ ಎಂಬ ಫೆಡರಲ್ ಸಾಲವಿಲ್ಲ; ಫೆಡರಲ್ ಸಾಲಕ್ಕೆ ವರ್ಷಕ್ಕೆ 50,000, ಒಟ್ಟು 2,00,000 ಡಾಲರ್ ಮಿತಿ. ಹಳೆಯ ನಿಯಮದಡಿ ಇರುವವರು, ಒಂದು ವರ್ಷ ರಜೆ ಹಾಕಿದರೆ ತಮ್ಮ ಸ್ಥಿತಿ ಏನಾಗುತ್ತದೆ ಎಂದು ಹಣಕಾಸು ನೆರವಿನ ಕಚೇರಿಯಲ್ಲಿ ಕೇಳಿ, ಉತ್ತರವನ್ನು ಇಮೇಲ್‌ನಲ್ಲೇ ಪಡೆಯಿರಿ.

ಕಾಲೇಜಿನ ಆರೋಗ್ಯ ವಿಮೆ ರಜೆಯಲ್ಲಿ ನಿಂತುಹೋಗಬಹುದು. ಅಪ್ಪ ಅಮ್ಮನ ವಿಮೆಯಲ್ಲಿ ಇರಬಹುದಾದದ್ದು 26 ತುಂಬುವವರೆಗೆ. ಮೂರನೆಯ ವರ್ಷ ಮುಗಿಸುವ ಹೊತ್ತಿಗೆ ಹಲವರಿಗೆ ಆ ಹುಟ್ಟುಹಬ್ಬ ಬಂದೇ ಬಿಟ್ಟಿರುತ್ತದೆ.

ತೆರಿಗೆ: ನೌಕರರೆಂದು ತೆಗೆದುಕೊಂಡರೆ ಸಂಬಳದಲ್ಲೇ ಹಿಡಿಯುತ್ತಾರೆ. ಫೆಲೋಶಿಪ್ ಸ್ಟೈಪೆಂಡ್ ಆದರೆ ಸಾಮಾನ್ಯವಾಗಿ ಹಿಡಿಯುವುದಿಲ್ಲ, ಆದರೂ ತೆರಿಗೆ ಉಂಟು; ಮೂರು ತಿಂಗಳಿಗೊಮ್ಮೆ ಅಂದಾಜು ಕಟ್ಟಬೇಕಾಗಬಹುದು. ಪ್ರತಿ ತಿಂಗಳೂ ಒಂದು ಪಾಲು ಬೇರೆ ಖಾತೆಗೆ ಹಾಕಿಡಿ.

ನಾನು ಎಫ್-1, ಅಂದರೆ ವಿದ್ಯಾರ್ಥಿ ವೀಸಾದಲ್ಲಿದ್ದೇನೆ. ನನಗೆ ಆಗುತ್ತದೆಯೇ?

ಆಗಬಹುದು, ಆದರೆ ಮೊದಲ ಹೆಜ್ಜೆ ನಿಮ್ಮ ಕಾಲೇಜಿನ ಅಂತಾರಾಷ್ಟ್ರೀಯ ವಿದ್ಯಾರ್ಥಿ ಕಚೇರಿ. ಅನುಮತಿಯಿಲ್ಲದೆ ಸಂಬಳ ಪಡೆಯುವಂತಿಲ್ಲ. ಓದಿನಿಂದ 5 ತಿಂಗಳಿಗಿಂತ ಹೆಚ್ಚು ದೂರವಾದರೆ ನಿಮ್ಮ ವಿದ್ಯಾರ್ಥಿ ದಾಖಲೆಗೇ ಕುತ್ತು. ಹೆಚ್ಚಿನ ಸರ್ಕಾರಿ ಫೆಲೋಶಿಪ್‌ಗಳು ನಾಗರಿಕರಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಮಾತ್ರ. ಒಪ್ಪಿಕೊಳ್ಳುವ ಮುಂಚೆ ಇದನ್ನು ಬಗೆಹರಿಸಿಕೊಳ್ಳಿ.

ದಿನ ಹೇಗಿರುತ್ತದೆ? ಲ್ಯಾಬಿನಲ್ಲಿ ಇಲಿಗಳ ಜೊತೆಯೇ?

ಕೆಲವರದು ಹಾಗೆ: ಮೃದ್ವಸ್ಥಿ ಕೋಶಗಳು, ಶವದ ಮೊಣಕಾಲಿಗೆ ಭಾರ ಹಾಕಿ ಲಿಗಮೆಂಟ್ ಎಲ್ಲಿ ಹರಿಯುತ್ತದೆಂದು ಅಳೆಯುವ ಬಯೋಮೆಕಾನಿಕ್ಸ್. ಹೆಚ್ಚಿನವರದು ಕ್ಲಿನಿಕಲ್ ಸಂಶೋಧನೆ, ಅಂದರೆ ಕಂಪ್ಯೂಟರ್ ಮುಂದೆ ರೋಗಿಗಳ ದಾಖಲೆ ಓದುವುದು.

ನನ್ನ ಒಂದು ದಿನ ಹೇಳುತ್ತೇನೆ. ಬೆಳಿಗ್ಗೆ ಆರೂವರೆಗೆ ರೆಸಿಡೆಂಟ್‌ಗಳ ಕಾನ್ಫರೆನ್ಸ್. ಹಿಂದಿನ ರಾತ್ರಿಯ ಮುರಿತಗಳ ಎಕ್ಸ್‌ರೇ ಪರದೆಯ ಮೇಲೆ. ಎಂಟಕ್ಕೆ ಮೇಜು. ಮೊಣಕಾಲು ಬದಲಿ ಶಸ್ತ್ರಚಿಕಿತ್ಸೆಯಾದ 400 ಮಂದಿಯ ಪಟ್ಟಿ. ಒಬ್ಬೊಬ್ಬರ ಆಪರೇಷನ್ ಟಿಪ್ಪಣಿ ತೆರೆದು ರಕ್ತ ಎಷ್ಟು ಹೋಯಿತು, ಸೋಂಕು ಆಯಿತೇ, 90 ದಿನದೊಳಗೆ ಮತ್ತೆ ದಾಖಲಾದರೇ ಎಂದು ನೋಡಿ ರೆಡ್‌ಕ್ಯಾಪ್ ಎಂಬ ತಂತ್ರಾಂಶದಲ್ಲಿ ತುಂಬುವುದು. ಸೊಂಟದಿಂದ ಪಾದದವರೆಗಿನ ಉದ್ದ ಎಕ್ಸ್‌ರೇ ಮೇಲೆ ಗೆರೆ ಎಳೆದು ಕೋನ ಅಳೆಯುವುದು. ಎರಡು ವಾರ ಬಿಟ್ಟು ಅದೇ ಎಕ್ಸ್‌ರೇಗಳಲ್ಲಿ ಕೆಲವನ್ನು ಮತ್ತೆ ಅಳೆಯುವುದು, ನಿಮ್ಮ ಅಳತೆ ನಿಮಗೇ ಒಪ್ಪುತ್ತದೆಯೇ ಎಂದು ತಿಳಿಯಲು.

ಮಧ್ಯಾಹ್ನ ಫೋನು. ಶಸ್ತ್ರಚಿಕಿತ್ಸೆಯಾಗಿ ಎರಡು ವರ್ಷವಾದವರನ್ನು ಹುಡುಕಿ ಪ್ರಶ್ನಾವಳಿ ಓದಿ ಉತ್ತರ ಬರೆದುಕೊಳ್ಳಬೇಕು. ಹತ್ತರಲ್ಲಿ ಆರು ಮಂದಿ ಎತ್ತುವುದಿಲ್ಲ. ಎತ್ತಿದವರು ಬಿಡುವುದಿಲ್ಲ. ಮೆಟ್ಟಿಲು ಹತ್ತುತ್ತೇನೆ, ಮೊಮ್ಮಗನ ಆಟ ನೋಡಲು ಹೋಗುತ್ತೇನೆ ಎಂದು ಹೇಳುತ್ತಲೇ ಇರುತ್ತಾರೆ. ಒಮ್ಮೆ ಫೋನಿನ ಆ ಕಡೆ ಒಬ್ಬ ಭಾರತೀಯ ಅಜ್ಜಿ. ಕೂಸ್ ಎಂಬ ಪ್ರಶ್ನಾವಳಿಯ ಎಲ್ಲ ಪ್ರಶ್ನೆಗೂ ಉತ್ತರ ಕೊಟ್ಟ ಮೇಲೆ, "ಪೂಜೆಗೆ ನೆಲದ ಮೇಲೆ ಕೂರೋಕಾಗಲ್ಲಮ್ಮ, ಅದನ್ನ ನೀನು ಕೇಳಲೇ ಇಲ್ಲವಲ್ಲ" ಅಂದರು. ಹೌದು, ಕಾರು ಹತ್ತಿ ಇಳಿಯುವುದು, ಕಾಲುಚೀಲ ಹಾಕಿಕೊಳ್ಳುವುದು, ಕುಕ್ಕರಗಾಲು, ಮಂಡಿಯೂರುವುದು ಎಲ್ಲ ಅದರಲ್ಲಿದೆ. ಚಕ್ಕಳಮಕ್ಕಳ ಹಾಕಿ ಕೂರುವುದು ಮಾತ್ರ ಇಲ್ಲ. ಅವರ ಮೊಣಕಾಲಿನ ಅಂಕ ಕಾಗದದ ಮೇಲೆ ಚೆನ್ನಾಗಿಯೇ ಬಂತು. ಅವರ ಪಾಲಿಗೆ ಆಪರೇಷನ್ ಅರ್ಧ ಗೆದ್ದಂತೆ. ಸಂಶೋಧನೆಯ ಪ್ರಶ್ನೆ ಹುಟ್ಟುವುದು ಹೀಗೆ ಎಂದು ನನಗೆ ಅರ್ಥವಾದದ್ದು ಆ ಫೋನಿನಿಂದ.

ಆಪರೇಷನ್ ಥಿಯೇಟರಿಗೆ ಬಿಡುತ್ತಾರೆಯೇ?

ಕೆಲವು ಕಡೆ ನೋಡಲು ಮಾತ್ರ, ಕೆಲವು ಕಡೆ ಅದೂ ಇಲ್ಲ. ರಜೆಯಲ್ಲಿರುವ ವಿದ್ಯಾರ್ಥಿಗೆ ಹೊಣೆಗಾರಿಕೆ ವಿಮೆ ಇಲ್ಲದಿರಬಹುದಾದ್ದರಿಂದ ಕೈ ತೊಳೆದು ಆಪರೇಷನ್ನಿಗೆ ಕೈಜೋಡಿಸಲು ಆಗದಿರಬಹುದು. ಮೊದಲೇ ಕೇಳಿಕೊಳ್ಳಿ.

ಸಂಖ್ಯಾಶಾಸ್ತ್ರ ಬರಲೇಬೇಕೇ?

ಬಂದರೆ ನಿಮ್ಮ ಬೆಲೆ ಎರಡು ಪಟ್ಟು. ಅಂಕಿಅಂಶದ ಲೆಕ್ಕಕ್ಕೆ ಬಳಸುವ ಆರ್ ಎಂಬ ಕಂಪ್ಯೂಟರ್ ಭಾಷೆ ಉಚಿತ. ಹೊರಡುವ ಮುಂಚಿನ ಎರಡು ತಿಂಗಳಲ್ಲಿ ತಳಪಾಯ ಹಾಕಿಕೊಳ್ಳಬಹುದು. ರೋಗಿಗಳ ಮಾಹಿತಿ ಮುಟ್ಟುವ ಮೊದಲು ಮುಗಿಸಬೇಕಾದ ನೈತಿಕತೆಯ ತರಬೇತಿಯನ್ನೂ ಮನೆಯಲ್ಲೇ ಕೂತು ಮುಗಿಸಿಡಿ. ಐಆರ್‌ಬಿ, ಅಂದರೆ ನೈತಿಕ ಸಮಿತಿಯ ಒಪ್ಪಿಗೆ ಬರಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ. ಅಲ್ಲಿ ಹೋಗಿ ಶುರು ಮಾಡಿದರೆ ವರ್ಷದ ಕಾಲು ಭಾಗ ಕಾಯುವುದರಲ್ಲೇ ಹೋಗುತ್ತದೆ.

ಎಷ್ಟು ಪೇಪರ್ ಆಗುತ್ತದೆ? ನನ್ನ ಹೆಸರು ಎಲ್ಲಿ ಬರುತ್ತದೆ?

ಲೆಕ್ಕ ಹಾಕಿ. 2026ರ ಜುಲೈನಲ್ಲಿ ಶುರು ಮಾಡಿದರೆ ರೆಸಿಡೆನ್ಸಿ ಅರ್ಜಿಗಳು ವಿಭಾಗಗಳ ಕೈಸೇರುವುದು 2027ರ ಸೆಪ್ಟೆಂಬರ್ ಕೊನೆಗೆ. ನಡುವೆ ಸಿಗುವುದು ಹದಿನಾಲ್ಕು ಹದಿನೈದು ತಿಂಗಳು. ಜರ್ನಲ್‌ಗಳ ಪರಿಶೀಲನೆಗೇ ತಿಂಗಳುಗಟ್ಟಲೆ ಬೇಕು. ಹೀಗಾಗಿ ಡಿಸೆಂಬರ್ ಒಳಗೆ ಬರೆದು ಕಳಿಸಿದ್ದು ಮಾತ್ರ ಅರ್ಜಿಯ ಹೊತ್ತಿಗೆ ಪ್ರಕಟವಾಗಿರುತ್ತದೆ ಎಂದು ಧೈರ್ಯವಾಗಿ ಹೇಳಬಹುದು. ಹದಿನೈದು ಅಧ್ಯಯನಗಳಿಗೆ ಕೈ ಹಾಕಿ ಎಲ್ಲವನ್ನೂ ಅರ್ಧಕ್ಕೆ ಬಿಡುವುದಕ್ಕಿಂತ ಆರನ್ನು ಮುಗಿಸಿ. ಸಂದರ್ಶನದಲ್ಲಿ ನಿಮ್ಮ ಪಟ್ಟಿಯಿಂದ ಯಾವುದೋ ಒಂದನ್ನು ಎತ್ತಿ, "ಇದರ ದೋಷ ಏನು?" ಎಂದು ಕೇಳುತ್ತಾರೆ. ಆಗ ನಿಜವಾಗಿ ಮಾಡಿದವರು ಯಾರೆಂದು ಕ್ಷಣದಲ್ಲಿ ಗೊತ್ತಾಗುತ್ತದೆ.

ಹೆಸರಿನ ವಿಷಯ. ವೈದ್ಯಕೀಯ ಜರ್ನಲ್ ಸಂಪಾದಕರ ಅಂತಾರಾಷ್ಟ್ರೀಯ ಸಮಿತಿ ಲೇಖಕರಾಗಲು ನಾಲ್ಕು ಷರತ್ತು ಹಾಕಿದೆ: ಅಧ್ಯಯನದ ರೂಪರೇಷೆಗೋ ಮಾಹಿತಿಗೋ ಗಣನೀಯ ಕೆಲಸ, ಬರಹದಲ್ಲೋ ತಿದ್ದುಪಡಿಯಲ್ಲೋ ಪಾಲು, ಅಂತಿಮ ಪ್ರತಿಗೆ ಒಪ್ಪಿಗೆ, ಇಡೀ ಕೆಲಸಕ್ಕೆ ಉತ್ತರದಾಯಿತ್ವ. ನಾಲ್ಕೂ ಬೇಕು. ನಾನು ಮೊದಲ ನಾಲ್ಕು ತಿಂಗಳು ಒಂದು ಅಧ್ಯಯನಕ್ಕೆ ಮುನ್ನೂರಕ್ಕೂ ಹೆಚ್ಚು ಎಕ್ಸ್‌ರೇ ಅಳೆದೆ. ಬರೆಯುವಾಗ ಯಾರೂ ಕರೆಯಲಿಲ್ಲ, ನಾನೂ ಕೇಳಲಿಲ್ಲ. ಪ್ರಕಟವಾದಾಗ ನನ್ನ ಹೆಸರು ಕೊನೆಯ ಕೃತಜ್ಞತೆಯ ಸಾಲಿನಲ್ಲಿತ್ತು. ಅವತ್ತಿನಿಂದ ಪ್ರತಿ ಅಧ್ಯಯನದ ಮೊದಲ ದಿನವೇ, "ಇದರಲ್ಲಿ ನನ್ನ ಪಾತ್ರ ಏನು? ಲೇಖಕರ ಸಾಲಿನಲ್ಲಿ ಎಷ್ಟನೆಯವಳು?" ಎಂದು ಕೇಳಿ, ಉತ್ತರವನ್ನು ಎಲ್ಲರಿಗೂ ಇಮೇಲ್ ಮಾಡುತ್ತಿದ್ದೆ. ಯಾರೂ ಬೇಸರಿಸಿಕೊಳ್ಳಲಿಲ್ಲ. ದುಡ್ಡು ಕೊಟ್ಟರೆ ವಾರದಲ್ಲಿ ಪ್ರಕಟಿಸುತ್ತೇವೆ ಎಂದು ಇಮೇಲ್ ಕಳಿಸುವ ಜರ್ನಲ್‌ಗಳ ತಂಟೆಗೆ ಮಾತ್ರ ಹೋಗಬೇಡಿ.

ಇಂಥ ಜಾಗಗಳನ್ನು ಎಲ್ಲಿ ಹುಡುಕಲಿ?

ಮೊದಲು ನಿಮ್ಮ ಕಾಲೇಜಿನ ಆರ್ಥೋ ವಿಭಾಗ, ಅಲ್ಲಿನ ರೆಸಿಡೆಂಟ್‌ಗಳು. ಜಾಹೀರಾತಿಗಿಂತ ಬಾಯಿಮಾತಿನಲ್ಲೇ ಹೆಚ್ಚು ಜಾಗಗಳು ತುಂಬುತ್ತವೆ. ಸರ್ಕಾರದ ಕಡೆಯಿಂದ ಎನ್‌ಐಎಚ್‌ನ ಮೆಡಿಕಲ್ ರಿಸರ್ಚ್ ಸ್ಕಾಲರ್ಸ್ ಪ್ರೋಗ್ರಾಂ ಇದೆ. 2012ರಲ್ಲಿ ಶುರುವಾದದ್ದು, ಆ ಸಂಸ್ಥೆಯಿರುವ ಬೆಥೆಸ್ಡಾದಲ್ಲೇ ಇದ್ದು ಮಾಡುವ ಒಂದು ವರ್ಷ. ಮೂಳೆ, ಸ್ನಾಯು, ಕೀಲುಗಳ ಸಂಶೋಧನೆಗೆಂದೇ ಅಲ್ಲಿ ಒಂದು ಪ್ರತ್ಯೇಕ ಸಂಸ್ಥೆಯಿದೆ. ನ್ಯೂಯಾರ್ಕಿನಲ್ಲಿ 1863ರಲ್ಲಿ ಶುರುವಾದ ಹಾಸ್ಪಿಟಲ್ ಫಾರ್ ಸ್ಪೆಷಲ್ ಸರ್ಜರಿಯಂಥ ದೊಡ್ಡ ಮೂಳೆ ಆಸ್ಪತ್ರೆಗಳು, ವಿಶ್ವವಿದ್ಯಾಲಯಗಳ ಆರ್ಥೋ ವಿಭಾಗಗಳು ತಮ್ಮ ವೆಬ್‌ಸೈಟಿನಲ್ಲಿ ಪ್ರಕಟಿಸುವುದನ್ನು ಹಿಂದಿನ ವರ್ಷದ ಶರತ್ಕಾಲದಿಂದಲೇ ನೋಡುತ್ತಿರಿ.

ಹುಡುಗಿಯರು 1983ರಲ್ಲಿ ಸ್ಥಾಪನೆಯಾದ ಮಹಿಳಾ ಆರ್ಥೋ ಸರ್ಜನ್ನರ ಸಂಘ ರೂತ್ ಜಾಕ್ಸನ್ ಆರ್ಥೋಪೆಡಿಕ್ ಸೊಸೈಟಿ ಮತ್ತು ಹುಡುಗಿಯರನ್ನು ಈ ಕಡೆ ಕರೆತರಲು 2009ರಲ್ಲಿ ಶುರುವಾದ ಪೆರಿ ಇನಿಶಿಯೇಟಿವ್ ಎರಡನ್ನೂ ಬಿಡಬೇಡಿ. ಅಲ್ಲಿ ಸಿಗುವ ಹಿರಿಯಕ್ಕಂದಿರು ಯಾವ ವಿಭಾಗದಲ್ಲಿ ಹೇಗೆ ನಡೆಸಿಕೊಳ್ಳುತ್ತಾರೆಂದು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.

ಸಂದರ್ಶನದಲ್ಲಿ ನಾನು ಏನು ಕೇಳಬೇಕು?

ಕಳೆದ ಮೂರು ವರ್ಷ ಇಲ್ಲಿದ್ದ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ? ಅವರಲ್ಲಿ ಇಬ್ಬರ ಜೊತೆ ಮಾತಾಡಬಹುದೇ? ನಾನು ಬರುವ ಹೊತ್ತಿಗೆ ಐಆರ್‌ಬಿ ಒಪ್ಪಿಗೆ ಸಿಕ್ಕಿರುವ ಅಧ್ಯಯನಗಳು ಎಷ್ಟು? ಸರ್ಜನ್ ಜೊತೆ ವಾರಕ್ಕೊಮ್ಮೆಯಾದರೂ ಕೂರಲು ಸಿಗುತ್ತದೆಯೇ, ಅಥವಾ ಕೋಆರ್ಡಿನೇಟರ್ ಮೂಲಕವೇ ಎಲ್ಲವೂ? ಹಳೆಯ ವಿದ್ಯಾರ್ಥಿಗಳ ಜೊತೆ ಮಾತಾಡಲು ಬಿಡದ ಕಡೆ ಹೋಗಬೇಡಿ.

ನಾನು ಕರ್ನಾಟಕದಲ್ಲಿ ಎಂಬಿಬಿಎಸ್ ಓದುತ್ತಿದ್ದೇನೆ. ನಾನು ಬರಬಹುದೇ?

ಇಲ್ಲಿನ ಸಂಬಳದ ಜಾಗಗಳಲ್ಲಿ ಹೆಚ್ಚಿನವು ಅಮೆರಿಕದ ಮೆಡಿಕಲ್ ಸ್ಕೂಲಿನ ವಿದ್ಯಾರ್ಥಿಗಳಿಗೆ. ಎಂಬಿಬಿಎಸ್ ಮುಗಿಸಿದವರು ಜೆ-1 ವೀಸಾದಲ್ಲಿ ರಿಸರ್ಚ್ ಸ್ಕಾಲರ್ ಆಗಿ ಬರುತ್ತಾರೆ. ಆ ವೀಸಾಕ್ಕೆ ಖರ್ಚಿನ ಹಣ ಎಲ್ಲಿಂದ ಎಂದು ತೋರಿಸಲೇಬೇಕು. ವಿಭಾಗ ಕೊಡದಿದ್ದರೆ ಅದು ನಿಮ್ಮ ಮನೆಯವರ ಜೇಬಿನಿಂದ. ಅಮೆರಿಕದ ಹೊರಗೆ ಓದಿದ ವಿದೇಶಿಯರಿಗೆ ಇಲ್ಲಿ ಆರ್ಥೋಪೆಡಿಕ್ಸ್ ಸಿಗುವುದು ವರ್ಷಕ್ಕೆ ಬೆರಳೆಣಿಕೆಯಷ್ಟು ಮಂದಿಗೆ. ಎರಡು ಮೂರು ವರ್ಷ ಪುಕ್ಕಟೆ ದುಡಿದು, ಊರಿನ ಜಮೀನಿನ ಮೇಲೆ ಸಾಲ ಮಾಡಿ, ಕೊನೆಗೆ ಬೇರೆ ವಿಭಾಗಕ್ಕೆ ಹೋದವರನ್ನು ನಾನು ಬಲ್ಲೆ. ಆಸೆ ಬೇಡ ಅನ್ನುವುದಿಲ್ಲ. ಲೆಕ್ಕ ಗೊತ್ತಿದ್ದು ಬನ್ನಿ.

ಊರಿನಲ್ಲೇ ದಾರಿಗಳಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ ಎರಡು ತಿಂಗಳ ವಿದ್ಯಾರ್ಥಿ ಸಂಶೋಧನಾ ಯೋಜನೆ ಎಂಬಿಬಿಎಸ್ ಓದುವಾಗಲೇ ಸ್ಟೈಪೆಂಡ್ ಜೊತೆ ಸಿಗುತ್ತದೆ. ನೀಟ್ ಪಿಜಿ ಬರೆದು ಮೂರು ವರ್ಷದ ಎಂ.ಎಸ್. ಆರ್ಥೋ ಮಾಡುವಾಗ ಪ್ರಬಂಧ ಕಡ್ಡಾಯ. ಜಯನಗರದ ಸಂಜಯ್ ಗಾಂಧಿ ಟ್ರಾಮಾ ಆಸ್ಪತ್ರೆಯಂಥ ಕಡೆ ನಿತ್ಯ ಬರುವ ಸ್ಕೂಟರ್ ಅಪಘಾತದ ಮುರಿತಗಳ ಅನುಭವ ಇಲ್ಲಿನ ವಿದ್ಯಾರ್ಥಿಗೆ ಸುಲಭಕ್ಕೆ ಸಿಗುವುದಿಲ್ಲ. ಮಂಡಿ ಬದಲಿಸಿಕೊಂಡವರು ನೆಲದ ಮೇಲೆ ಕೂರುತ್ತಾರೆಯೇ ಎಂಬ ಆ ಅಜ್ಜಿಯ ಪ್ರಶ್ನೆಗೆ ನನಗಿಂತ ಚೆನ್ನಾಗಿ ಉತ್ತರ ಹುಡುಕಬಲ್ಲವರು ನೀವು.

ಒಂದು ವರ್ಷ ರೋಗಿಗಳಿಂದ ದೂರವಿದ್ದರೆ ಕಲಿತದ್ದು ಮರೆಯುವುದಿಲ್ಲವೇ?

ಮರೆಯುತ್ತದೆ. ಅದಕ್ಕೇ ಸ್ಟೆಪ್ 2 ಪರೀಕ್ಷೆಯನ್ನು, ಕಾಲೇಜು ಒಪ್ಪಿದರೆ, ಹೊರಡುವ ಮೊದಲೇ ಬರೆದುಬಿಡಿ. ಮೂರನೆಯ ವರ್ಷ ಓದಿದ್ದು ಆಗ ತಲೆಯಲ್ಲಿ ಹಸಿಯಾಗಿರುತ್ತದೆ. ವರ್ಷವಿಡೀ ವಾರಕ್ಕೆ ಅರ್ಧ ದಿನ ಕ್ಲಿನಿಕ್‌ನಲ್ಲಿ ನಿಲ್ಲಲು ಅವಕಾಶ ಕೇಳಿ. ಬೆಳಗಿನ ಕಾನ್ಫರೆನ್ಸ್ ತಪ್ಪಿಸಬೇಡಿ. ವಾಪಸ್ ಹೋದ ಕೂಡಲೇ ಬೇರೆ ಆಸ್ಪತ್ರೆಗಳಲ್ಲಿ ರೊಟೇಶನ್‌ಗಳು ಶುರುವಾಗುತ್ತವೆ, ಅಲ್ಲಿ ಮೊದಲ ದಿನದಿಂದಲೇ ನಿಮ್ಮನ್ನು ನೋಡುತ್ತಿರುತ್ತಾರೆ. ನಾನು ಕೊನೆಯ ಮೂರು ವಾರ ಸಂಜೆ ಪ್ಲಾಸ್ಟರ್ ರೂಮಿಗೆ ಹೋಗಿ ಅಲ್ಲಿನ ಹಿರಿಯ ಟೆಕ್ನಿಷಿಯನ್ ಒಬ್ಬರ ಪಕ್ಕ ನಿಂತು, ಅವರದೇ ಕೈಗೆ ಸ್ಪ್ಲಿಂಟ್ ಕಟ್ಟುವುದನ್ನು ಮತ್ತೆ ಮೊದಲಿಂದ ಕಲಿತೆ. ಬಿಗಿಯಾದರೆ ಅವರೇ ಹೇಳುತ್ತಿದ್ದರು, ಬಿಚ್ಚಿ ಮತ್ತೆ ಕಟ್ಟಿಸುತ್ತಿದ್ದರು.